ಕಂಪ್ಯೂಟರಿನಲ್ಲಿ ತೀರಿಕೊಂಡ ಸ್ವಾಮಿಗಳು

ಬ್ಯಾಂಕಿನಲ್ಲಿ ಅವನಿಗೆ ಪುರಾವೆಯಪ್ಪ ಎಂಬ ಹೆಸರು ಬಿದ್ದು ಎಷ್ಟು ಕಾಲವಾಗಿತ್ತೆಂದರೆ, ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯ ಮೇಲೆ ಮಾತ್ರ ಉಳಿದುಕೊಂಡಿತ್ತು. ಯಾರು ಏನು ಹೇಳಿದರೂ "ಪುರಾವೆ ಇದೆಯಾ?" ಎಂದು ಕೇಳುವುದು ಅವನಿಗೆ ಅಂಟಿದ ಚಾಳಿ. ಹೊರಗೆ ಮಳೆ ಬರುತ್ತಿದೆ ಎಂದರೆ ಕಿಟಕಿಯಾಚೆ ಕೈಚಾಚಿ ಒದ್ದೆ ಮಾಡಿಕೊಂಡ ಮೇಲೆಯೇ ಕೊಡೆ ಹುಡುಕುವ ಆಸಾಮಿ. ಹೆಂಡತಿಯ ಅಪ್ಪ ಮೊದಲ ಸಲ ಹೇಳದೆ ಕೇಳದೆ ಮನೆಗೆ ಬಂದು "ನಾನಪ್ಪ, ನಿಮ್ಮ ಮಾವ" ಎಂದು ಬಾಗಿಲು ತಟ್ಟಿದಾಗ, ಇವನು ಒಳಗಿನಿಂದಲೇ "ಯಾವ ಮಾವ? ಮಗಳು ಹುಟ್ಟಿದ ತಾರೀಖು ಹೇಳಿ ನೋಡೋಣ" ಎಂದು ವಿಚಾರಣೆ ಶುರುಮಾಡಿದ್ದ. ಮಾವನಿಗೆ ತಾರೀಖು ನೆನಪಾಗಲಿಲ್ಲ. ಅವರು ಬಂದ ಬಸ್ಸಿಗೇ ವಾಪಸು ಹೋದರು, ಹೆಂಡತಿ ಬಹಳ ದಿನ ಮುಖ ಊದಿಸಿಕೊಂಡೇ ಅಡುಗೆ ಮಾಡಿದಳು.

ಇಂಥವನನ್ನು ಗ್ರಾಹಕರ ಗುರುತು ಪರಿಶೀಲನೆಯ ಮೇಜಿಗೆ ಕೂರಿಸಬೇಕೆಂದು ಯಾರಿಗೂ ಆಸೆಯಿರಲಿಲ್ಲ. ಆ ಮೇಜಿನ ಅಧಿಕಾರಿಣಿ ಹೆರಿಗೆ ರಜೆಗೆ ಹೋದರು, ಬೇರೆ ಯಾರೂ ಖಾಲಿಯಿರಲಿಲ್ಲ, ಮ್ಯಾನೇಜರ್ ಮೇಡಂ ನಿಟ್ಟುಸಿರು ಬಿಟ್ಟು ಇವನತ್ತ ಬೆರಳು ತೋರಿಸಿದರು. ಪುರಾವೆಯಪ್ಪ ಸ್ವಂತ ಖರ್ಚಿನಲ್ಲಿ ಒಂದು ಹಿತ್ತಾಳೆ ಫಲಕ ಮಾಡಿಸಿ ಮೇಜಿನ ಮೇಲಿಟ್ಟುಕೊಂಡ. "ಗುರುತು ಪರಿಶೀಲನಾಧಿಕಾರಿ" ಎಂಬುದನ್ನು ಬಾಗಿಲಿನಿಂದಲೇ ಓದಬಹುದಿತ್ತು. ಅದರ ಕೆಳಗಿದ್ದ "ಪ್ರಭಾರ" ಎಂಬುದನ್ನು ಓದಲು ಮಾತ್ರ ಮೂಗನ್ನು ಫಲಕಕ್ಕೆ ತಾಗಿಸಬೇಕಾಗುತ್ತಿತ್ತು.

ಗ್ರಾಹಕರೆಲ್ಲ ತಮ್ಮ ಗುರುತನ್ನು ಹೊಸದಾಗಿ ದೃಢಪಡಿಸಬೇಕೆಂಬ ಆದೇಶಕ್ಕೆ ಅಂದು ಕೊನೆಯ ದಿನ. ಮಾರನೆಯ ದಿನದಿಂದ ಸಾಲಾಗಿ ರಜೆ. ಬಾಗಿಲು ತೆರೆದ ಕೂಡಲೇ ಒಳಗೆ ಬಂದವರು ಆಶ್ರಮದ ಸ್ವಾಮಿಗಳು. ಊರಿನಲ್ಲಿ ಅವರನ್ನು ಅರಿಯದವರಿಲ್ಲ. ಆಶ್ರಮದ ಧರ್ಮಾಸ್ಪತ್ರೆಯಲ್ಲಿ ಬಡಬಗ್ಗರಿಗೆ ಪುಕ್ಕಟೆ ಔಷಧಿ ಸಿಗುತ್ತದೆ. ಪುರಾವೆಯಪ್ಪನ ತಾಯಿಗೆ ಸಕ್ಕರೆ ಕಾಯಿಲೆ, ದಿನವೂ ಚುಚ್ಚಿಕೊಳ್ಳುವ ಇಂಜೆಕ್ಷನ್ನು ಬರುವುದು ಅಲ್ಲಿಂದಲೇ. ಮನೆಯಲ್ಲಿ ಸ್ವಾಮಿಗಳ ಫೋಟೋ ಬೇರೆ ಇದೆ. ಅವನು ಧಡಕ್ಕನೆ ಎದ್ದು ಕೈಮುಗಿದು, ಕುರ್ಚಿ ಒರೆಸಿ ಕೂರಿಸಿದ.

ಭಕ್ತಿ ಬೇರೆ, ಪರಿಶೀಲನೆ ಬೇರೆ. ಕಂಪ್ಯೂಟರಿನಲ್ಲಿ ಖಾತೆ ತೆರೆದರೆ ಅದರಲ್ಲಿದ್ದ ಹೆಸರು ಸ್ವಾಮಿಗಳದ್ದಲ್ಲ. ಯಾವನೋ ಗೃಹಸ್ಥನ ಹೆಸರು. ಸ್ವಾಮಿಗಳು ಮೇಜಿನ ಮೇಲಿಟ್ಟ ಹಳೇ ಕಾರ್ಡಿನಲ್ಲೂ ಅದೇ ಹೆಸರು, ಜೊತೆಗೆ ದಟ್ಟ ಕೂದಲಿನ, ಕಪ್ಪು ಮೀಸೆಯ ಯುವಕನೊಬ್ಬನ ಫೋಟೋ. ಪುರಾವೆಯಪ್ಪ ಆ ಫೋಟೋ ನೋಡಿದ. ಎದುರಿಗಿದ್ದ ಬೋಳುತಲೆ, ಬಿಳಿ ಗಡ್ಡ ನೋಡಿದ.

"ಸ್ವಾಮೀಜಿ, ಈ ಖಾತೆ ಇವರ ಹೆಸರಲ್ಲಿದೆಯಲ್ಲ. ಇವರೆಲ್ಲಿ?"

ಸ್ವಾಮಿಗಳು ಎಂದಿನ ನಗೆ ನಕ್ಕರು. "ಅವನು ಹೋಗಿ ಬಹಳ ವರ್ಷ ಆಯ್ತಪ್ಪ."

"ಹೋಗಿ ಅಂದ್ರೆ?"

"ತೀರಿಹೋಗಿ."

ಪುರಾವೆಯಪ್ಪ ದನಿ ತಗ್ಗಿಸಿದ. "ಛೆ. ಅದಕ್ಕೆ ಪುರಾವೆ ಏನಾದ್ರೂ..."

"ನಾನೇ ನಿಂತು ಅವನ ಅಂತ್ಯಕ್ರಿಯೆ ಮಾಡಿದೆ. ಇನ್ನೇನು ಪುರಾವೆ?"

"ತಮಗೆ ತುಂಬಾ ಬೇಕಾದವರಾ?"

"ನನ್ನಷ್ಟು ಹತ್ತಿರದವರು ಅವನಿಗೆ ಯಾರೂ ಇರಲಿಲ್ಲ."

"ಪಾಪ, ಫೋಟೋದಲ್ಲಿ ಇನ್ನೂ ಹುಡುಗ."

"ಹೌದು. ಹುಡುಗಾಟಿಕೆ ಜಾಸ್ತಿ ಇತ್ತು ಅವನಿಗೆ," ಎಂದರು ಸ್ವಾಮಿಗಳು, ಕೊಂಚ ಪ್ರೀತಿಯಿಂದಲೇ.

ಇಲ್ಲಿ ಓದುಗರಿಗೆ ಒಂದು ಮಾತು ಹೇಳಲೇಬೇಕು. ಆ ಆಶ್ರಮದಲ್ಲಿ ದೀಕ್ಷೆ ತೆಗೆದುಕೊಳ್ಳುವವರು ಮೊದಲು ತಮ್ಮ ಅಂತ್ಯಕ್ರಿಯೆಯನ್ನು ತಾವೇ ಮಾಡಿಕೊಳ್ಳುತ್ತಾರೆ. ಅಲ್ಲಿಗೆ ಹಳೆಯ ಮನುಷ್ಯ ಸತ್ತಹಾಗೆ. ಗುರು ಕೊಟ್ಟ ಹೆಸರೇ ಮುಂದಕ್ಕೆ ಹೆಸರು. ಹಳೆಯ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲ, ಹಳೆಯ ನೆಂಟಸ್ತಿಕೆ ಹಿಡಿದು ಯಾರನ್ನೂ ಕರೆಯುವಂತಿಲ್ಲ. ಕಾಗದಪತ್ರಗಳಲ್ಲಿ ಮಾತ್ರ ಆ ಹಳಬ ಹಾಗೇ ಇರುತ್ತಾನೆ, ಸರಕಾರಕ್ಕೆ ಗುರುವಿನ ದೀಕ್ಷೆ ಗೊತ್ತಾಗುವುದಿಲ್ಲ. ಇದು ಊರಿಗೆಲ್ಲ ತಿಳಿದಿತ್ತು. ರಜೆಯಲ್ಲಿದ್ದ ಅಧಿಕಾರಿಣಿಗೂ ತಿಳಿದಿತ್ತು. ಅವರು ಏನೊಂದೂ ಕೇಳದೆ ಯಂತ್ರದ ಮೇಲೆ ಸ್ವಾಮಿಗಳ ಹೆಬ್ಬೆರಳು ಒತ್ತಿಸಿಕೊಂಡು ಕೆಲಸ ಮುಗಿಸುತ್ತಿದ್ದರು. ಹೆಬ್ಬೆರಳಿಗೆ ದೀಕ್ಷೆ ಇಲ್ಲವಲ್ಲ. ತಿಳಿಯದೆ ಇದ್ದವನು ಪುರಾವೆಯಪ್ಪ ಒಬ್ಬನೇ.

ಅವನ ತಲೆಯಲ್ಲಿ ಲೆಕ್ಕ ಸಲೀಸಾಗಿ ಕೂತಿತು. ಯಾರೋ ಶಿಷ್ಯ ಸತ್ತಿದ್ದಾನೆ, ಖಾತೆ ಅನಾಥವಾಗಿದೆ, ಸ್ವಾಮಿಗಳು ಪ್ರಾಮಾಣಿಕರು, ಅದನ್ನು ತಿಳಿಸಲು ಖುದ್ದಾಗಿ ಬಂದಿದ್ದಾರೆ. ಜನ್ಮದಲ್ಲಿ ಮೊದಲ ಬಾರಿಗೆ ಅವನು ಒಬ್ಬರ ಮಾತನ್ನು ಕಾಗದವಿಲ್ಲದೆ ನಂಬಿದ. ಸನ್ಯಾಸಿ ಎಲ್ಲಾದರೂ ಸುಳ್ಳು ಹೇಳುತ್ತಾರೆಯೇ? "ಖಾತೆದಾರರ ಸ್ಥಿತಿ" ಎಂಬ ಜಾಗದಲ್ಲಿ "ಮೃತ" ಎಂದು ಒತ್ತಿದ. ಕಂಪ್ಯೂಟರು "ಖಚಿತವೇ?" ಎಂದು ಕೇಳಿತು. ಆ ಕಂಪ್ಯೂಟರಿನಲ್ಲಿ ಅವನಿಗೆ ಹಿಡಿಸಿದ್ದೇ ಆ ಗುಣ. "ಖಚಿತ" ಎಂದು ಒತ್ತಿದ.

"ಹೆಬ್ಬೆರಳು ಒತ್ತಬೇಕಲ್ಲಪ್ಪ?" ಎಂದರು ಸ್ವಾಮಿಗಳು.

"ಇನ್ನು ಅದರ ಅಗತ್ಯ ಇಲ್ಲ ಸ್ವಾಮೀಜಿ. ಎಲ್ಲಾ ಮುಗೀತು," ಎಂದ ಪುರಾವೆಯಪ್ಪ, ಗಂಭೀರವಾಗಿ.

ವ್ಯವಸ್ಥೆ ಎಷ್ಟು ಸುಧಾರಿಸಿದೆ ಎಂದುಕೊಂಡು ಸ್ವಾಮಿಗಳು ಅವನ ತಲೆ ಮುಟ್ಟಿ ಹರಸಿ ಹೊರಟರು.

ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಹೆಂಡತಿಯ ಫೋನು ಬಂತು.

"ರೀ, ಧರ್ಮಾಸ್ಪತ್ರೆ ಮುಂದೆ ನಿಂತಿದೀನಿ. ಔಷಧಿ ವ್ಯಾನು ಬಂದಿತ್ತು, ಆದ್ರೆ ಡ್ರೈವರು ಒಂದು ಪೆಟ್ಟಿಗೇನೂ ಇಳಿಸ್ಲಿಲ್ಲ, ಆಗ್ಲೇ ಸ್ವಾಮಿಗಳನ್ನ ಕೂರಿಸ್ಕೊಂಡು ಬ್ಯಾಂಕಿಗೆ ಹೊರಟ. ನಿಮ್ಮ ಬ್ಯಾಂಕಿಂದ ಕಂಪನಿಗೆ ದುಡ್ಡು ಹೋಗ್ಲಿಲ್ವಂತೆ. ಕೇಳಿದ್ರೆ, ಖಾತೆ ಇದ್ದೋರು ಸತ್ತೋದ್ರು ಅಂತ ಬಂತಂತೆ. ಯಾರೋ ತಲೆಕೆಟ್ಟೋನು ಸ್ವಾಮಿಗಳನ್ನ ಕಂಪ್ಯೂಟರಲ್ಲಿ ಸಾಯಿಸಿಬಿಟ್ಟಿದಾನೆ ಕಣ್ರೀ!"

ಪುರಾವೆಯಪ್ಪನ ಕೈಯಲ್ಲಿದ್ದ ತುತ್ತು ಬಾಯಿಗೂ ಹೋಗಲಿಲ್ಲ, ಡಬ್ಬಿಗೂ ಮರಳಲಿಲ್ಲ. "ಸ್ವಾಮಿಗಳನ್ನಾ? ಆ ಖಾತೆ... ಸ್ವಾಮಿಗಳದ್ದಾ?"

"ಮತ್ಯಾರದ್ದು? ಆಸ್ಪತ್ರೆ ದುಡ್ಡೆಲ್ಲ ಅದರಲ್ಲೇ ಇರೋದು, ಅದು ದೀಕ್ಷೆಗಿಂತ ಮುಂಚಿನ ಹೆಸರಲ್ಲಿದೆ ಅಂತ ಇಡೀ ಊರಿಗೇ ಗೊತ್ತು. ಆ ಮುಠ್ಠಾಳ ಯಾರು ಅಂತ ಹುಡುಕಿ, ನನ್ನ ಪರವಾಗಿ ಎರಡು ಬಿಗೀರಿ. ನಿಮ್ಮಮ್ಮಂದು ಬೆಳಿಗ್ಗೆ ಕೊಟ್ಟಿದ್ದೇ ಕೊನೇ ಇಂಜೆಕ್ಷನ್ನು. ಪೇಟೆ ಅಂಗಡೀಲಿ ಎಲ್ಲೂ ಇಲ್ವಂತೆ."

ಫೋನು ಕಟ್ಟಾಯಿತು. ಅವನಿಗೆ ನಿಜಕ್ಕೂ ಹೆದರಿಕೆಯಾಯಿತು. ನೌಕರಿ ನೆನಪಾಗಲಿಲ್ಲ, ಫಲಕ ನೆನಪಾಗಲಿಲ್ಲ. ನೆನಪಾದದ್ದು ಹಿಂದೊಮ್ಮೆ ಇಂಜೆಕ್ಷನ್ನು ತಪ್ಪಿ ತಾಯಿ ಮಂಚದ ಮೇಲೆ ಕಣ್ಣು ತೇಲಿಸಿಕೊಂಡು ಮಲಗಿದ್ದು, ತನ್ನನ್ನೇ "ಯಾರಪ್ಪ ನೀನು?" ಎಂದು ಕೇಳಿದ್ದು. ಅವನು ಡಬ್ಬಿ ಮುಚ್ಚಿ ಮ್ಯಾನೇಜರ ಕೋಣೆಗೆ ಓಡಿದ.

ಅಲ್ಲಿ ಆಗಲೇ ಜಾತ್ರೆ ನೆರೆದಿತ್ತು. ಕುರ್ಚಿಯಲ್ಲಿ ಸ್ವಾಮಿಗಳು, ಅವರ ಪಕ್ಕ ವ್ಯಾನಿನ ಡ್ರೈವರು, ಗಾಜಿನಾಚೆ ಸಾಲಿನಲ್ಲಿ ನಿಂತ ಗ್ರಾಹಕರೆಲ್ಲರ ಮುಖಗಳು.

"ಬನ್ನಿ," ಎಂದರು ಮ್ಯಾನೇಜರ್ ಮೇಡಂ. "ಬೆಳಿಗ್ಗೆ ಇವರ ಖಾತೆಗೆ ಏನು ಮಾಡಿದ್ರಿ?"

"ಖಾತೆದಾರರು ತೀರಿಹೋದರು ಅಂತ ಇವರೇ ಹೇಳಿದ್ರು ಮೇಡಂ. ನಾನು ಕೇಳಿ, ಮತ್ತೆ ಕೇಳಿ..."

"ಹೌದಮ್ಮ, ನಾನೇ ಹೇಳಿದೆ," ಎಂದರು ಸ್ವಾಮಿಗಳು ಶಾಂತವಾಗಿ. "ಅದು ಸತ್ಯವೇ."

"ಸ್ವಾಮೀಜಿ, ದಯವಿಟ್ಟು ನೀವು ಸ್ವಲ್ಪ ಸುಮ್ಮನಿರಿ," ಎಂದು ಮೇಡಂ ಹಣೆ ಒತ್ತಿಕೊಂಡರು.

ಡ್ರೈವರು ಕೈಗಡಿಯಾರ ತಟ್ಟಿದ. "ಮೇಡಂ, ನಿಮ್ಮದು ನಿಮ್ಮದೇ ಆಯ್ತು. ನನ್ನ ಪೆಟ್ಟಿಗೇಲಿರೋ ಐಸು ಕರಗ್ತಾ ಇದೆ. ದುಡ್ಡು ಬಂತು ಅಂತ ಕಂಪನಿ ಹೇಳಿದ್ರೆ ಇಳಿಸ್ತೀನಿ, ಇಲ್ಲಾಂದ್ರೆ ಮೂರು ಗಂಟೆಗೆ ವ್ಯಾನು ತಿರುಗಿಸ್ತೀನಿ. ಮುಂದಿನ ಊರಿನ ಆಸ್ಪತ್ರೆಯೋರು ಬಾಯಿಬಿಟ್ಕೊಂಡು ಕೂತಿದಾರೆ."

"ಎಷ್ಟಾಗುತ್ತಪ್ಪಾ? ನಾನೇ ಕೊಡ್ತೀನಿ," ಎಂದು ಪುರಾವೆಯಪ್ಪ ಜೇಬಿಗೆ ಕೈಹಾಕಿದ. ಡ್ರೈವರು ಮೊತ್ತ ಹೇಳಿದ. ಪುರಾವೆಯಪ್ಪ ಜೇಬಿನಿಂದ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡ.

ಹೆಬ್ಬೆರಳು ಒತ್ತಿಸಿ ನೋಡಿದರು. ಮೃತರ ಬೆರಳಚ್ಚನ್ನು ಸ್ವೀಕರಿಸಲಾಗುವುದಿಲ್ಲ ಎಂದಿತು ಯಂತ್ರ. ಮ್ಯಾನೇಜರ್ ಮೇಡಂ ತಮ್ಮ ಗುಪ್ತಪದ ಹಾಕಿ ತಿದ್ದಲು ಹೋದರು. ಕೊಲ್ಲುವ ಅಧಿಕಾರ ಶಾಖೆಗಿದೆಯೇ ಹೊರತು ಬದುಕಿಸುವ ಅಧಿಕಾರ ಮುಖ್ಯ ಕಚೇರಿಗೆ ಮಾತ್ರ ಎಂದು ತಿಳಿಯಿತು. ಮುಖ್ಯ ಕಚೇರಿಗೆ ಫೋನು ಮಾಡಿ ದನಿ ಎಲ್ಲರಿಗೂ ಕೇಳುವಂತೆ ಇಟ್ಟರು. ಅತ್ತಲಿಂದ ಬಂದದ್ದು ಒಬ್ಬ ಯುವಕನ ದನಿ. ಅದರಲ್ಲಿ ಕೋಪವಿಲ್ಲ, ಕರುಣೆಯೂ ಇಲ್ಲ. ನಿಯಮ ಮಾತ್ರ ಇತ್ತು.

"ತಪ್ಪಾಗಿ ಮೃತರೆಂದು ನಮೂದಾಗಿದ್ದರೆ ಎರಡು ಹೇಳಿಕೆ ಬೇಕು. ಫೋನಿನಲ್ಲೇ ರೆಕಾರ್ಡ್ ಮಾಡ್ಕೊಳ್ತೇವೆ. ಒಂದು, ಖಾತೆದಾರರು ತಮ್ಮ ಪೂರ್ತಿ ಹೆಸರು ಹೇಳಿ, ಬದುಕಿದ್ದೇನೆ ಅನ್ನಬೇಕು. ಎರಡು, ಖಾತೆಗೆ ನಾಮಿನಿ ಆದವರು ಬಂದು, ಹೌದು ಇವರೇ ಅಂತ ಹೇಳಬೇಕು. ಮೂರು ಗಂಟೆಗೆ ಮುಂಚೆ. ಆಮೇಲೆ ರಜೆ ಮುಗಿದ ಮೇಲೆ."

"ಮೊದಲನೇದು ಸುಲಭ," ಎಂದ ಪುರಾವೆಯಪ್ಪ ಉಸಿರುಬಿಟ್ಟು. "ಸ್ವಾಮೀಜಿ, ಹೇಳಿ."

ಸ್ವಾಮಿಗಳು ಫೋನಿನ ಕಡೆ ಬಾಗಿ, ಗುರು ಕೊಟ್ಟ ಹೆಸರನ್ನು ಸ್ಪಷ್ಟವಾಗಿ ಹೇಳಿದರು.

"ಈ ಹೆಸರಿನಲ್ಲಿ ಖಾತೆ ಇಲ್ಲ," ಎಂದಿತು ದನಿ.

"ಹಳೇದು ಸ್ವಾಮೀಜಿ, ಹಳೇದು!"

"ಅದು ಆಗೋದಿಲ್ಲಪ್ಪ. ಸತ್ತವನ ಹೆಸರು ಬಾಯಿಗೆ ತಂದರೆ ವ್ರತಭಂಗ. ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದೀನಿ."

"ನಾನು ಹೇಳ್ತೀನಿ, ನೀವು ತಲೆ ಆಡಿಸಿ."

"ತಲೆ ಆಡಿಸಿದ್ದು ಫೋನಿನಲ್ಲಿ ಕೇಳಿಸುವುದಿಲ್ಲ," ಎಂದಿತು ದನಿ. "ಸರಿ, ಖಾತೆದಾರರೇ, ನೀವು ಆ ವ್ಯಕ್ತಿ ಅಲ್ಲದಿದ್ದರೆ ಮತ್ಯಾರು?"

ಸ್ವಾಮಿಗಳು ಕಣ್ಣು ಮುಚ್ಚಿದರು. "ಅದನ್ನೇ ಹುಡುಕ್ತಾ ಇದ್ದೀನಿ ಮಗು. ಇನ್ನೂ ತಿಳಿದಿಲ್ಲ."

ದನಿ ಈಗ ಮೇಡಂ ಕಡೆ ತಿರುಗಿತು. "ಮ್ಯಾನೇಜರೇ, ತಾನು ಯಾರು ಅಂತ ಖಾತೆದಾರರಿಗೇ ಗೊತ್ತಿಲ್ಲವಂತೆ. ಹಾಗೇ ಬರ್ಕೊಳ್ಳಲಾ?"

"ಬೇಡ, ಬೇಡ!" ಎಂದು ಮೇಡಂ ಮತ್ತು ಪುರಾವೆಯಪ್ಪ ಒಟ್ಟಿಗೇ ಕೂಗಿದರು.

ಮೇಡಂ ಇವನ ಕಡೆ ತಿರುಗಿದರು. "ನಾಮಿನಿ ಯಾರು? ಮೊದಲು ಅವರನ್ನ ಕರೆಸಿ."

"ಅವರ ಅಕ್ಕ ಅಂತಿದೆ ಮೇಡಂ. ಅವರಿಗೆ..." ಪುರಾವೆಯಪ್ಪ ಸ್ವಾಮಿಗಳ ಕಡೆ ಒಮ್ಮೆ ನೋಡಿದ. "ಅವರಿಗೆ ಬೆಳಿಗ್ಗೆನೇ ಸಂದೇಶ ಹೋಗಿದೆ. ಮೃತ ಅಂತ ಒತ್ತಿದ್ರೆ ತಾನೇ ಹೋಗುತ್ತೆ. ನಿಮ್ಮ ಆತ್ಮೀಯರ ಅಗಲಿಕೆಗೆ ಬ್ಯಾಂಕು ವಿಷಾದಿಸುತ್ತದೆ, ಫೋಟೋ ಸಮೇತ ಶಾಖೆಗೆ ಬನ್ನಿ, ಅಂತ."

ಆವರೆಗೂ ಶಾಂತವಾಗಿದ್ದ ಸ್ವಾಮಿಗಳ ಮುಖ ಮೊದಲ ಬಾರಿಗೆ ಬಿಳುಚಿತು. "ಅವಳಿಗೆ ಹೇಳಿಬಿಟ್ರಾ?" ಎಂದರು. ಅವರು ಎದ್ದು ನಿಂತು ಕಿಟಕಿಯ ಕಡೆ ನೋಡಿ ಮತ್ತೆ ಕೂತರು. ಊರಿಗೆಲ್ಲ ಧೈರ್ಯ ಹೇಳುವ ಮನುಷ್ಯ ಹೆದರಿದ್ದನ್ನು ಪುರಾವೆಯಪ್ಪ ಕಣ್ಣಾರೆ ಕಂಡ.

ಅವಳು ಬಂದದ್ದು ಕಾಣಿಸುವ ಮೊದಲು ಕೇಳಿಸಿತು. ಬ್ಯಾಂಕಿನ ಬಾಗಿಲಿನಿಂದಲೇ ಅಳು. ಮೂರು ಬೀದಿ ಆಚೆ ಹೊಲಿಗೆ ಅಂಗಡಿ ಇಟ್ಟಿದ್ದ ಹೆಂಗಸು, ಕೊರಳಲ್ಲಿ ಅಳತೆಯ ಟೇಪು, ಕೈಯಲ್ಲಿ ಅರ್ಧ ಕತ್ತರಿಸಿದ ಬಟ್ಟೆ, ಒಂದು ಕಾಲಿಗೆ ಮಾತ್ರ ಚಪ್ಪಲಿ. ಸಾಲಿನವರು ದಾರಿ ಬಿಟ್ಟರು. "ಯಾವಾಗ ಹೋದ? ಯಾರು ಇದ್ದರು ಹತ್ತಿರ? ಬಾಯಿಗೆ ಒಂದು ಹನಿ ನೀರು ಬಿಡೋರಾದರೂ ಇದ್ದರಾ?" ಎಂದು ಗೋಳಾಡುತ್ತಾ ಕೋಣೆಯೊಳಗೆ ಬಂದಳು. ಕುರ್ಚಿಯಲ್ಲಿದ್ದವರನ್ನು ನೋಡಿದಳು. ಅಳು ಗಂಟಲಲ್ಲೇ ನಿಂತಿತು.

"ಸತ್ತಿಲ್ವಾ?" ಎಂದಳು.

"ಇಲ್ಲಮ್ಮ, ಅದೊಂದು ಸಣ್ಣ ತಪ್ಪು..." ಎಂದು ಪುರಾವೆಯಪ್ಪ ಶುರುಮಾಡಿದ.

"ಲೇ ಗೊಣ್ಣೆ!" ಎಂದು ಅವಳು ಕಿರುಚಿದ ರಭಸಕ್ಕೆ ಗಾಜಿನಾಚೆಯ ಮುಖಗಳೆಲ್ಲ ಒಂದು ಹೆಜ್ಜೆ ಹಿಂದೆ ಹೋದವು. ಗೊಣ್ಣೆ ಯಾರೆಂದು ಡ್ರೈವರು ಸುತ್ತಲೂ ನೋಡಿದ. ಊರೇ ಕಾಲಿಗೆ ಬೀಳುವ ಸ್ವಾಮಿಗಳು ಮಾತ್ರ ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿಕೊಂಡರು. "ಬದುಕಿದ್ದೀಯಾ! ಬದುಕಿದ್ದುಕೊಂಡು ನನ್ನ ಹೀಗೆ ಬೀದೀಲಿ ಓಡಿಸಿದೆಯಾ! ಅಪ್ಪ ಅಮ್ಮ ಹೋದಾಗ ನಿನಗೆ ಇನ್ನೂ ಚಡ್ಡಿ ಹಾಕ್ಕೊಳ್ಳೋಕೆ ಬರ್ತಿರಲಿಲ್ಲ. ಮಿಷನ್ ತುಳಿದು ತುಳಿದು ನನ್ನ ಮಂಡಿ ಸವೀತು. ಓದಿಸಿದೆ. ಒಂದು ದಿನ ಬೆಳಿಗ್ಗೆ ಎದ್ದು ನೋಡಿದರೆ ಹಾಸಿಗೆ ಖಾಲಿ! ಒಂದು ಮಾತು ಹೇಳಿ ಹೋದೆಯಾ?"

ಮೇಡಂ ಮೆಲ್ಲಗೆ ನಡುವೆ ಬಂದರು. "ಅಮ್ಮಾ, ಹಾಗಾದರೆ ಇವರು ನಿಮ್ಮ ತಮ್ಮ ಅಂತ ಈ ಫೋನಿನಲ್ಲಿ ಹೇಳಿಬಿಡಿ. ಹೊತ್ತಾಗ್ತಿದೆ."

"ಯಾವ ತಮ್ಮ? ನನಗೆ ತಮ್ಮ ಇಲ್ಲ. ಇದ್ದ, ನನ್ನ ಪಾಲಿಗೆ ಅವತ್ತೇ ಸತ್ತ!"

"ನಾಮಿನಿಯವರೂ ಮರಣವನ್ನು ದೃಢಪಡಿಸ್ತಿದ್ದಾರೆ," ಎಂದಿತು ಫೋನು.

"ಅದು ಕೋಪಕ್ಕೆ ಹೇಳಿದ್ದು ಸಾರ್!" ಎಂದು ಪುರಾವೆಯಪ್ಪ ಫೋನನ್ನು ಎರಡೂ ಕೈಯಲ್ಲಿ ಮುಚ್ಚಿದ. "ಅಮ್ಮಾ, ಕೈಮುಗೀತೀನಿ, ಈ ಕೋಣೇಲಿ ಸಾವಿನ ಮಾತು ಬೇಡ. ಇಲ್ಲಿ ಬಾಯಲ್ಲಿ ಬಂದದ್ದೆಲ್ಲಾ ನಿಜ ಆಗಿಹೋಗುತ್ತೆ."

ಹೊರಗೆ ವ್ಯಾನಿನ ಹಾರ್ನು ಕೇಳಿಸಿತು. ಡ್ರೈವರು ಯಾವಾಗ ಎದ್ದು ಹೋದನೋ ಯಾರೂ ನೋಡಿರಲಿಲ್ಲ. ಗೋಡೆಯ ಗಡಿಯಾರದಲ್ಲಿ ದೊಡ್ಡ ಮುಳ್ಳು ಮೇಲಕ್ಕೆ ಹತ್ತುತ್ತಿತ್ತು. ಪುರಾವೆಯಪ್ಪನ ಜೇಬಿನಲ್ಲಿ ಫೋನು ನಡುಗಿತು, ಹೆಂಡತಿ. ಅವನು ಎತ್ತಿಕೊಂಡ. "ರೀ, ಅಮ್ಮಂಗೆ ತಲೆ ಸುತ್ತು ಅಂತಿದಾರಂತೆ, ಪಕ್ಕದ ಮನೆಯೋರು ಫೋನ್ ಮಾಡಿದ್ರು. ನಾನು ಮನೆಗೆ ಹೋಗ್ಲಾ, ಇಲ್ಲೇ ಕಾಯ್ಲಾ? ಏನಾದ್ರೂ ಒಂದು ಹೇಳ್ರೀ," ಎನ್ನುವುದು ಅಷ್ಟು ಸಣ್ಣ ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು.

"ಅಲ್ಲೇ ಕಾಯಿ. ಬರುತ್ತೆ," ಎಂದ. ಬರುತ್ತದೆ ಎನ್ನುವುದಕ್ಕೆ ಅವನ ಬಳಿ ಯಾವ ಪುರಾವೆಯೂ ಇರಲಿಲ್ಲ.

ಅವನು ಹೊಲಿಗೆಯವಳ ಮುಂದೆ ನಿಂತ. "ನಿಮ್ಮ ತಮ್ಮನ್ನ ಸಾಯಿಸಿದ್ದು ನಾನಮ್ಮ. ಬೈಯೋದಿದ್ರೆ ನನ್ನ ಬೈಯಿರಿ, ಹೊಡೆಯೋದಿದ್ರೆ ಹೊಡೀರಿ. ನನ್ನ ತಾಯಿ ಇಂಜೆಕ್ಷನ್ ಇಲ್ಲದೆ ಮಲಗಿದ್ದಾರೆ. ಧರ್ಮಾಸ್ಪತ್ರೆ ಮುಂದೆ ಸಾಲಲ್ಲಿ ಇನ್ನೂ ಎಷ್ಟೋ ಜನದ ತಾಯಂದಿರಿದ್ದಾರೆ. ಒಂದು ಮಾತು ಹೇಳಿ, ಸಾಕು."

ಅವಳ ಸಿಟ್ಟು ಸ್ವಲ್ಪ ಇಳಿಯಿತು, ಹಟ ಇಳಿಯಲಿಲ್ಲ. "ಹೇಳ್ತೀನಿ. ಆದರೆ ಅವನು ಮೊದಲು ನನ್ನ ಅಕ್ಕಾ ಅಂತ ಕರೀಲಿ. ಆಶ್ರಮಕ್ಕೆ ಹುಡುಕಿಕೊಂಡು ಹೋದಾಗ ಏನಂದ ಗೊತ್ತಾ ಇವನು? 'ಬನ್ನಿ ತಾಯಿ, ಕೂತ್ಕೊಳ್ಳಿ' ಅಂದ. ತಾಯಿಯಂತೆ! ದಾರೀಲಿ ಹೋಗೋರಿಗೆ ಅಂದಹಾಗೆ! ಬಂದ ಕಾಲಲ್ಲೇ ತಿರುಗಿ ಬಂದೆ. ಆಮೇಲೆ ಆ ಬೀದಿಗೆ ಕಾಲಿಟ್ಟಿಲ್ಲ ನಾನು."

ಎಲ್ಲರೂ ಸ್ವಾಮಿಗಳನ್ನು ನೋಡಿದರು. ಅವರು ನೆಲ ನೋಡುತ್ತಿದ್ದರು. ಹಳೆಯ ಹೆಸರು ಒಂದು ವ್ರತ, ಹಳೆಯ ನೆಂಟಸ್ತಿಕೆ ಇನ್ನೊಂದು. ಎರಡನ್ನೂ ಒಂದೇ ಮಧ್ಯಾಹ್ನ ಒಂದು ಬ್ಯಾಂಕಿನ ಫೋನಿಗಾಗಿ ಮುರಿಯಬೇಕಿತ್ತು. ಅವರ ತುಟಿ ಅಲುಗಿತು, ನಿಂತಿತು. ಹೊರಗೆ ವ್ಯಾನಿನ ಇಂಜಿನ್ನು ಶುರುವಾಯಿತು.

"ಮ್ಯಾನೇಜರೇ, ಇನ್ನು ಫೋನು ಇಡ್ತೀನಿ," ಎಂದಿತು ದನಿ.

ಸ್ವಾಮಿಗಳು ಎದ್ದು ಬಂದು ಫೋನಿನ ಮೇಲೆ ಬಾಗಿದರು. ತಮ್ಮ ಹಳೆಯ ಹೆಸರನ್ನು ಹೇಳಿದರು. ಮೆಲ್ಲಗೆ, ತಪ್ಪು ಒಪ್ಪಿಕೊಳ್ಳುವ ಹುಡುಗನ ದನಿಯಲ್ಲಿ.

"ಕೇಳಿಸಲಿಲ್ಲ. ಇನ್ನೊಂದು ಸಲ, ಅಪ್ಪನ ಹೆಸರು ಸೇರಿಸಿ," ಎಂದಿತು ದನಿ.

ಎರಡನೆಯ ಸಲ ಹೇಳಿದರು.

"ಸದ್ದು ಜಾಸ್ತಿ ಇದೆ. ಜೋರಾಗಿ."

ಮೂರನೆಯ ಸಲ ಸ್ವಾಮಿಗಳು ಎಷ್ಟು ಜೋರಾಗಿ ಕೂಗಿದರೆಂದರೆ, ಹೊರಗೆ ಹಣ ಎಣಿಸುವ ಕಿಟಕಿಯವನು ತನ್ನನ್ನೇ ಕರೆದರೆಂದು ಎದ್ದು ನಿಂತ. ಇಷ್ಟು ವರ್ಷ ಬಚ್ಚಿಟ್ಟ ಹೆಸರು, ಅಪ್ಪನ ಹೆಸರು ಸಮೇತ, ಬ್ಯಾಂಕಿನ ನಾಲ್ಕು ಗೋಡೆಗೂ ಬಡಿಯಿತು. "ಬದುಕಿದ್ದೀನಿ! ಇಗೋ, ಇಲ್ಲೇ ಇದ್ದೀನಿ! ಇವಳು ನನ್ನ ಅಕ್ಕ. ನನ್ನ ಸಾಕಿದ ಅಕ್ಕ." ಆಮೇಲೆ ಅವಳ ಕಡೆ ತಿರುಗಿ, ಫೋನಿಗೆ ಬೇಕಿಲ್ಲದಿದ್ದರೂ, ಇನ್ನೊಮ್ಮೆ "ಅಕ್ಕಾ" ಎಂದರು. ಗಡ್ಡದೊಳಗೆ ಕಣ್ಣೀರೂ ಮೂಗಿನ ನೀರೂ ಒಟ್ಟಿಗೆ ಇಳಿಯಿತು.

ಅವಳು ಏನನ್ನೂ ಯೋಚಿಸಲಿಲ್ಲ. ಕೈಯಲ್ಲಿದ್ದ ಅರ್ಧ ಕತ್ತರಿಸಿದ ಬಟ್ಟೆಯಿಂದ ಸ್ವಾಮಿಗಳ ಮೂಗು ಹಿಡಿದು, "ಮೂಗು ಸೀಟು, ಜೋರಾಗಿ ಸೀಟು" ಎಂದು ಗದರಿ ಒರೆಸಿದಳು. ಸ್ವಾಮಿಗಳು ಹೇಳಿದ ಹಾಗೆ ಸೀಟಿದರು. ಅದು ಯಾರೋ ಗಿರಾಕಿಯ ಬಟ್ಟೆ. ಒರೆಸಿ ಮುಗಿಸಿ ಅವಳು ಫೋನಿಗೆ ಹೇಳಿದಳು: "ಇವನೇ ಕಣಪ್ಪ ನನ್ನ ತಮ್ಮ. ಬದುಕಿದ್ದಾನೆ. ಇನ್ನೂ ಬಹಳ ವರ್ಷ ಬದುಕ್ತಾನೆ, ಅದನ್ನೂ ಬರ್ಕೊ."

"ಆಯ್ತು. ಈಗ ನಾಮಿನಿಯವರ ಗುರುತಿನ ಚೀಟಿ?"

ಅವಳು ತನ್ನ ಕೈ ನೋಡಿಕೊಂಡಳು. ಮಿಷನ್ ಬಿಟ್ಟು ಓಡಿಬಂದಿದ್ದಳು, ಚೀಲವೂ ಇರಲಿಲ್ಲ. ಅದೂ ಅಲ್ಲದೆ ಖಾತೆಯಲ್ಲಿದ್ದದ್ದು ಮದುವೆಗೆ ಮುಂಚಿನ ಹೆಸರು. ಚೀಟಿ ತಂದಿದ್ದರೂ ಹೆಸರು ಹೊಂದುತ್ತಿರಲಿಲ್ಲ.

ಮ್ಯಾನೇಜರ್ ಮೇಡಂ ಕಣ್ಣು ಮುಚ್ಚಿಕೊಂಡರು. ಪುರಾವೆಯಪ್ಪ ಫೋನಿನ ಹತ್ತಿರ ಹೋದ.

"ಗುರುತು ನಾನು ನೋಡಿದ್ದೇನೆ."

"ಯಾವ ದಾಖಲೆ?"

"ದಾಖಲೆ ಇಲ್ಲ. ಕಣ್ಣಾರೆ ನೋಡಿದೆ."

"ಕಣ್ಣಾರೆ ನೋಡಿದ್ದು ಪುರಾವೆ ಅಲ್ಲ."

ಈ ಮಾತನ್ನು ಪುರಾವೆಯಪ್ಪ ಸ್ವತಃ ಎಷ್ಟು ಜನರಿಗೆ ಹೇಳಿದ್ದನೋ ಲೆಕ್ಕವಿಲ್ಲ. ಈಗ ಅದು ತನ್ನ ಕಿವಿಗೇ ಬಿದ್ದಾಗ ಅವನಿಗೆ ರೇಗಿಹೋಯಿತು. "ಸಾರ್, ಒಬ್ಬ ಸ್ವಾಮಿಗಳ ಮೂಗು ಹಿಡಿದು ಸೀಟು ಅನ್ನೋ ಧೈರ್ಯ ಈ ಭೂಮಿ ಮೇಲೆ ಇನ್ಯಾರಿಗಿದೆ? ಸ್ವಂತ ಅಕ್ಕ ಅಲ್ಲದೆ ಬೇರೆ ಯಾರಾದರೂ ಹಾಗೆ ಬೈತಾರಾ? ಬರ್ಕೊಳ್ಳಿ ನನ್ನ ನೌಕರಿ ನಂಬರು. ನಾನು ಜವಾಬ್ದಾರಿ. ಇದು ಸುಳ್ಳಾದರೆ ನನ್ನ ನೌಕರಿ ತಗೊಳ್ಳಿ." ಎಂದವನೇ ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳಿದ.

ಅತ್ತ ಕೀಲಿಮಣೆಯ ಟಕಟಕ. ಆಮೇಲೆ, "ಆಯ್ತು. ಖಾತೆದಾರರು ಬದುಕಿದ್ದಾರೆ," ಎಂದು ಫೋನು ಕಟ್ಟಾಯಿತು.

ಮೇಡಂ ಕಂಪ್ಯೂಟರಿನಲ್ಲಿ ತಡೆದುನಿಂತಿದ್ದ ಹಣವನ್ನು ಕಂಪನಿಗೆ ಬಿಡುತ್ತಿದ್ದಂತೆ, ಪುರಾವೆಯಪ್ಪ ಬಾಗಿಲು ತಳ್ಳಿಕೊಂಡು ಬೀದಿಗೆ ಓಡಿ, ತಿರುಗುತ್ತಿದ್ದ ವ್ಯಾನಿನ ಮುಂದೆ ಎರಡೂ ಕೈ ಅಗಲಿಸಿ ನಿಂತ. ಡ್ರೈವರು ಬ್ರೇಕು ಹಾಕಿ, ತಲೆ ಹೊರಗೆ ಹಾಕಿ, ಬರಹದಲ್ಲಿ ಹಾಕಲಾಗದ ಮಾತುಗಳಲ್ಲಿ ಬೈದ. ಬೈಗುಳದ ನಡುವೆಯೇ ಅವನ ಫೋನು ಸದ್ದು ಮಾಡಿತು. ನೋಡಿದ. "ಬಂತು ದುಡ್ಡು," ಎಂದ, ಉಳಿದ ಬೈಗುಳ ನುಂಗಿಕೊಂಡು. ವ್ಯಾನು ಧರ್ಮಾಸ್ಪತ್ರೆಯ ಕಡೆ ಹೊರಟಿತು. ಪುರಾವೆಯಪ್ಪ ನಡುಬೀದಿಯಲ್ಲೇ ಕುಕ್ಕರುಗಾಲಲ್ಲಿ ಕೂತು, ಹೆಂಡತಿಗೆ ಫೋನು ಮಾಡಿ, ವ್ಯಾನು ಬರುತ್ತಿದೆ, ಮೊದಲ ಪೆಟ್ಟಿಗೆಯಿಂದಲೇ ಅಮ್ಮನಿಗೆ ತಗೊಂಡು ಓಡು ಎಂದ.

ಅವನು ಒಳಗೆ ಮರಳಿದಾಗ ಅಕ್ಕ ತಮ್ಮ ಅವನ ಮೇಜಿನ ಮುಂದೆ ಕೂತಿದ್ದರು. ಮೇಡಂ ಕಳಿಸಿದ್ದರು, ಮುಂದೆ ಇಂಥ ಅನಾಹುತ ಆಗದ ಹಾಗೆ ಕಾಗದ ಸರಿಮಾಡಿಕೊಡಿ ಎಂದು.

"ನಾನು ವ್ರತ ಮುರಿದೆ," ಎನ್ನುತ್ತಿದ್ದರು ಸ್ವಾಮಿಗಳು. "ಪ್ರಾಯಶ್ಚಿತ್ತಕ್ಕೆ ಮೂರು ದಿನ ಮೌನದಲ್ಲಿರಬೇಕು."

"ಇರು. ಒಳ್ಳೇದೇ ಆಯ್ತು. ಮೂರು ದಿನ ನಾನು ಬಂದು ಮಾತಾಡ್ತೀನಿ," ಎಂದಳು ಅಕ್ಕ.

ಪುರಾವೆಯಪ್ಪ ಕುರ್ಚಿ ಎಳೆದುಕೊಂಡ. "ಸ್ವಾಮೀಜಿ, ಒಂದು ಸುಲಭದ ದಾರಿ ಇದೆ. ಆಶ್ರಮದ ಪತ್ರ, ಸರಕಾರದ ಪ್ರಕಟಣೆ ಮಾಡಿಸಿದ್ರೆ ಖಾತೆಯನ್ನ ನಿಮ್ಮ ಈಗಿನ ಹೆಸರಿಗೇ ಬದಲಾಯಿಸಬಹುದು. ನಾಮಿನಿ ಜಾಗಕ್ಕೂ ಆಶ್ರಮದೋರನ್ನೇ ಹಾಕ್ಕೋಬಹುದು. ಆಮೇಲೆ ಹಳೇ ಹೆಸರಿನ ಗೋಜೇ ಇರಲ್ಲ. ಇವರೂ ಬರಬೇಕಾಗಿಲ್ಲ."

ಅಕ್ಕ ಟೇಪನ್ನು ಬೆರಳಿಗೆ ಸುತ್ತುತ್ತಾ ಬೇರೆ ಕಡೆ ನೋಡಿದಳು. ಸ್ವಾಮಿಗಳು ಬಹಳ ಹೊತ್ತು ಸುಮ್ಮನಿದ್ದರು. ಮೌನವ್ರತ ಆಗಲೇ ಶುರುವಾಯಿತೋ ಎಂದು ಪುರಾವೆಯಪ್ಪನಿಗೆ ಅನುಮಾನ ಬಂತು.

"ಬದಲಾಯಿಸದೆ ಹೀಗೇ ಬಿಟ್ಟರೆ?" ಎಂದು ಕೇಳಿದರು ಕೊನೆಗೆ. "ಪ್ರತಿ ಸಲವೂ ಇವರು ಬಂದು ಗುರುತು ಹೇಳಲೇಬೇಕಾ?"

ನಿಯಮ ಪುರಾವೆಯಪ್ಪನಿಗೆ ಬಾಯಿಪಾಠ. ಇಂದು ದೃಢವಾದದ್ದು ಹತ್ತು ವರ್ಷ ನಡೆಯುತ್ತದೆ, ಹೆಬ್ಬೆರಳು ಒತ್ತಿದರೆ ಸಾಕು, ಯಾವ ಅಕ್ಕನೂ ಬರಬೇಕಾಗಿಲ್ಲ. ಅವನು ಬಾಯಿ ತೆರೆದ. ಸ್ವಾಮಿಗಳ ಮುಖ ನೋಡಿದ. ಟೇಪು ಸುತ್ತುವುದನ್ನು ನಿಲ್ಲಿಸಿದ್ದ ಬೆರಳನ್ನು ನೋಡಿದ.

"ಬರಲೇಬೇಕು," ಎಂದ. "ಇಬ್ಬರೂ ಒಟ್ಟಿಗೇ ಬರಬೇಕು. ಪ್ರತಿ ವರ್ಷ. ನಿಯಮ ಬಹಳ ಕಟ್ಟುನಿಟ್ಟು."

"ಪ್ರತಿ ವರ್ಷಾನಾ!" ಎಂದು ಅಕ್ಕ ಗೊಣಗಿದಳು. "ಅಂಗಡಿ ಮುಚ್ಚಿ ಬರಬೇಕಲ್ಲಪ್ಪ. ನಿಮಗೇನು, ಕೂತಲ್ಲಿ ನಿಯಮ ಮಾಡ್ತೀರಿ. ಯಾವ ತಿಂಗಳು?"

"ಯಾವ ತಿಂಗಳು ಬೇಕಾದ್ರೂ ಬನ್ನಿ ಅಮ್ಮ," ಎಂದ ಪುರಾವೆಯಪ್ಪ. "ತಿಂಗಳು ತಿಂಗಳು ಬಂದರೆ ಇನ್ನೂ ಒಳ್ಳೇದು."